ದಾಸನಕೊಪ್ಪಕ್ಕೆ ಕಾರವಾರ ಎಷ್ಟು ದೂರ?

ಕನ್ನಡದ ತರುಣ ಮಿತ್ರರೇ,

ನವೆಂಬರ್ ಬಂತೆಂದರೆ ನಿಮ್ಮ ಹೆಗಲಿಗೆ ಹಳದಿ-ಕೆಂಪು ಶಾಲು ಏರುತ್ತದೆ. ಮೆಜೆಸ್ಟಿಕ್, ರಾಜಾಜಿನಗರ, ಜಯನಗರದ ವೃತ್ತಗಳಲ್ಲಿ ಬಾವುಟ ಹಾರುತ್ತದೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಎಷ್ಟು ದಪ್ಪಗಿದೆ, ಇಂಗ್ಲಿಷ್ ಎಷ್ಟು ಉಬ್ಬಿದೆ ಎಂದು ಅಳೆದು ನೋಡುತ್ತೀರಿ. ನೋಡಲೇಬೇಕು. ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದು ಯಾವ ಮಂತ್ರಿಯ ದೊಡ್ಡಸ್ತಿಕೆಯಿಂದಲೂ ಆದದ್ದಲ್ಲ, ನಿಮ್ಮಂಥ ಹುಡುಗ ಹುಡುಗಿಯರು ಬೀದಿಗಿಳಿದದ್ದರಿಂದ ಆದದ್ದು.

ಇವತ್ತು ನಿಮ್ಮನ್ನು ಬೋರ್ಡಿನ ಜಗಳವೇ ಇಲ್ಲದ ಊರೊಂದಕ್ಕೆ ಕರೆದುಕೊಂಡು ಹೋಗಬೇಕು. ಅದರ ಹೆಸರು ದಾಸನಕೊಪ್ಪ.

ಉತ್ತರ ಕನ್ನಡ ಜಿಲ್ಲೆ, ಶಿರಸಿ ತಾಲೂಕು, ಪೂರ್ವದ ಅಂಚು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಪಕ್ಕದಲ್ಲೇ ಬನವಾಸಿ. ಕೊಪ್ಪ ಎಂದರೆ ಹಳಗಾಲದಿಂದಲೂ ಸಣ್ಣ ಊರು ಎಂದೇ ಅರ್ಥ. ಇಂಥ ಕೊಪ್ಪಗಳು, ಮಜರೆಗಳು, ನಾಲ್ಕು ಮನೆಯ ಕೇರಿಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಉದ್ದಗಲಕ್ಕೂ ಚೆಲ್ಲಿಕೊಂಡಿವೆ. ಅಲ್ಲಿ ಅಂಗಡಿಯವನಿಗೆ ಕನ್ನಡ ಮಾತಾಡಿ ಎಂದು ಹೇಳಬೇಕಾಗಿಲ್ಲ. ಬಸ್ ಕಂಡಕ್ಟರ್ ಜೊತೆ ಜಗಳವಾಡಬೇಕಾಗಿಲ್ಲ.

ಹಾಗಾದರೆ ಅಲ್ಲಿ ಕನ್ನಡಕ್ಕೇನು ಕಷ್ಟ ಎನ್ನುತ್ತೀರಾ? ಕಷ್ಟ ಇರುವುದು ಬೋರ್ಡಿನಲ್ಲಲ್ಲ, ದೂರದಲ್ಲಿ. ಆಡಳಿತದ ಮೇಜು ಊರಿನಿಂದ ದೂರವಾದಷ್ಟೂ ಅದರ ಕನ್ನಡ ತೆಳುವಾಗುತ್ತಾ ಹೋಗುತ್ತದೆ. ಈ ಮಾತನ್ನು ನೀವು ಸುಮ್ಮನೆ ನಂಬಬೇಡಿ. ಲೆಕ್ಕ ಹಾಕಿ ನೋಡೋಣ ಬನ್ನಿ.

ಒಂದು ಊರು, ಎಂಟು ದಿಕ್ಕು

ದಾಸನಕೊಪ್ಪದ ಆಸುಪಾಸಿನ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವನಿಗೆ ಸರ್ಕಾರ ಎಲ್ಲಿದೆ?

ತಾಲೂಕು ಕಚೇರಿಗೆ ಶಿರಸಿಗೆ ಹೋಗಬೇಕು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಇನ್ನೂ ‘ಮಾಮಲೇದಾರ ಕಚೇರಿ’ಯೇ. ಉಪವಿಭಾಗಾಧಿಕಾರಿಯೂ ಶಿರಸಿಯಲ್ಲೇ ಇದ್ದಾರೆ. ಆದರೆ ಬನವಾಸಿ ಹೋಬಳಿಯ ಹಳ್ಳಿಗಳು ಶಾಸಕರನ್ನು ಆರಿಸುವುದು ಶಿರಸಿ ಕ್ಷೇತ್ರಕ್ಕಲ್ಲ, ಯಲ್ಲಾಪುರ ಕ್ಷೇತ್ರಕ್ಕೆ. ಜಿಲ್ಲಾಧಿಕಾರಿ ಇರುವುದು ಕಾರವಾರದಲ್ಲಿ. ಕಂದಾಯ ವಿಭಾಗದ ಪ್ರಾದೇಶಿಕ ಆಯುಕ್ತರು ಬೆಳಗಾವಿಯಲ್ಲಿ. ವಿದ್ಯುತ್ ಕಂಪನಿಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ. ಕೆಂಪು ಬಸ್ಸಿನ ನಿಗಮದ ಮುಖ್ಯ ಕಚೇರಿಯೂ ಹುಬ್ಬಳ್ಳಿಯಲ್ಲೇ. ಪೊಲೀಸ್ ವಲಯದ ಮಹಾನಿರೀಕ್ಷಕರು ಮಂಗಳೂರಿನಲ್ಲಿ. ಹೈಕೋರ್ಟ್ ಪೀಠ ಮತ್ತು ಮಗನ ಡಿಗ್ರಿಯ ವಿಶ್ವವಿದ್ಯಾಲಯ ಧಾರವಾಡದಲ್ಲಿ. ಲೋಕಸಭೆಯ ಮತಕ್ಷೇತ್ರದಲ್ಲಿ ಅವನ ಜೊತೆಗಾರರು ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರಿನವರು.

ಒಬ್ಬ ಮನುಷ್ಯನನ್ನು ಎಂಟು ದಿಕ್ಕಿಗೆ ಎಳೆದರೆ ಅವನು ಎಲ್ಲಿಗೆ ಹೋಗುತ್ತಾನೆ? ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲೇ ಕುಳಿತುಕೊಳ್ಳುತ್ತಾನೆ. ಕೊನೆಗೆ ಒಬ್ಬ ಮಧ್ಯವರ್ತಿಯನ್ನು ಹುಡುಕುತ್ತಾನೆ.

ಕಾರವಾರಕ್ಕೆ ಹೋಗಲೇಬೇಕು ಎನ್ನಿ. ಮೊದಲು ಶಿರಸಿ ಮುಟ್ಟಬೇಕು. ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸುಮಾರು 60 ಕಿಲೋಮೀಟರು. ಕುಮಟಾದಿಂದ ಅಂಕೋಲಾ ದಾಟಿ ಕಾರವಾರಕ್ಕೆ ಹೆಚ್ಚುಕಡಿಮೆ ಮತ್ತೆ ಅಷ್ಟೇ ದೂರ. ಒಂದು ಸಹಿಗೆ ಒಂದು ಇಡೀ ದಿನದ ಕೂಲಿ ಹೋಯಿತು, ಊಟದ ಖರ್ಚು ಬೇರೆ. ಸಾಹೇಬರು ಅವತ್ತು ಮೀಟಿಂಗಿನಲ್ಲಿದ್ದರೆ ಎರಡು ದಿನ. ಮಳೆಗಾಲವಾದರೆ ಕೇಳಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು, ದಾರಿ ಮುಚ್ಚಿತು. ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿ ಅದು!

ನೆರೆಯ ಹಾವೇರಿ 1997ರಲ್ಲಿ ಜಿಲ್ಲೆಯಾಯಿತು. ದಾಸನಕೊಪ್ಪದ ಜನರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಪಕ್ಕದ ಜಿಲ್ಲೆಯ ಕೇಂದ್ರವೇ ಹತ್ತಿರ. ಇದಕ್ಕಿಂತ ತಮಾಷೆ ಬೇಕೆ?

ಕಾರವಾರ ಜಿಲ್ಲಾ ಕೇಂದ್ರವಾದದ್ದು ಹಳ್ಳಿಗರ ಅನುಕೂಲ ನೋಡಿ ಅಲ್ಲ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಒಳನಾಡಿನ ಹತ್ತಿಯನ್ನು ಹಡಗಿಗೆ ಏರಿಸಲು ಮುಂಬಯಿಯ ವ್ಯಾಪಾರಸ್ಥರಿಗೆ ಕಾರವಾರದ ಬಂದರು ಬೇಕಿತ್ತು. ಹತ್ತಿಗಾಗಿ ಎಳೆದ ಗೆರೆ ಅದು. 1956ರಲ್ಲಿ ಜಿಲ್ಲೆ ನಮ್ಮ ರಾಜ್ಯಕ್ಕೆ ಬಂತು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಗೆರೆ ಮಾತ್ರ ಅಲ್ಲೇ ಇದೆ.

ತಲೆ ಎಣಿಸುವ ಸರ್ಕಾರ

ಯಾಕೆ ಹೀಗೆ? ನಮ್ಮ ಘನ ಸರ್ಕಾರಕ್ಕೆ ಗೊತ್ತಿರುವುದು ತಲೆ ಎಣಿಸುವ ಲೆಕ್ಕ ಒಂದೇ. ತಲೆ ಹೆಚ್ಚಿದ್ದಲ್ಲಿ ಕಚೇರಿ, ತಲೆ ಹೆಚ್ಚಿದ್ದಲ್ಲಿ ಶಾಲೆ, ತಲೆ ಹೆಚ್ಚಿದ್ದಲ್ಲಿ ಶಾಸಕ. ತಲೆಗಳ ನಡುವೆ ಎಷ್ಟು ಕಾಡು, ಎಷ್ಟು ಹೊಳೆ, ಎಷ್ಟು ಕಾಲುಸಂಕ ಎಂದು ಯಾರೂ ಎಣಿಸುವುದಿಲ್ಲ.

2011ರ ಜನಗಣತಿಯ ಅಂಕಿ ನೋಡಿ. ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಚದರ ಕಿಲೋಮೀಟರಿಗೆ 140 ಜನ. ಇಡೀ ರಾಜ್ಯದ ಸರಾಸರಿ 319. ನೀವು ಕುಳಿತಿರುವ ಬೆಂಗಳೂರು ನಗರ ಜಿಲ್ಲೆಯಲ್ಲಿ 4,381! ನೀವು ಒಂದು ಬೀದಿಯಲ್ಲಿ ನೋಡುವಷ್ಟು ಮುಖಗಳನ್ನು ಅಲ್ಲಿಯ ಅಂಚೆಯಣ್ಣ ಒಂದು ದಿನ ಇಡೀ ಗುಡ್ಡ ಹತ್ತಿ ಇಳಿದರೂ ನೋಡಲಾರ. ಅಡಿಕೆ ತೋಟ ಕಣಿವೆಯಲ್ಲಿ, ಮನೆ ತೋಟದ ತಲೆಯ ಮೇಲೆ, ಪಕ್ಕದ ಮನೆ ಇನ್ನೊಂದು ಕಣಿವೆಯಲ್ಲಿ. ಹೀಗೆ ಬದುಕುವುದು ಅವರ ಹಟವಲ್ಲ. ನೆಲ, ನೀರು, ಕಾಡು ಹಾಗಿದೆ.

ಇನ್ನೊಂದು ಹೋಲಿಕೆ ಕೇಳಿ. ಕಾರವಾರದಿಂದ ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. 2011ರಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ. ಉತ್ತರ ಕನ್ನಡಕ್ಕಿಂತ ಇಪ್ಪತ್ತು ಸಾವಿರದಷ್ಟು ಹೆಚ್ಚು, ಅಷ್ಟೇ. ವಿಸ್ತೀರ್ಣ 3,702 ಚದರ ಕಿಲೋಮೀಟರು, ಅಂದರೆ ನಮ್ಮ ಜಿಲ್ಲೆಯ ಮೂರನೇ ಒಂದು ಭಾಗ ಚಿಲ್ಲರೆ. ಆದರೆ ಅದು ರಾಜ್ಯ. ಅಲ್ಲಿ 40 ಶಾಸಕರು, ಒಂದು ಮಂತ್ರಿಮಂಡಲ, ಒಬ್ಬ ರಾಜ್ಯಪಾಲ. ಅಷ್ಟೇ ಜನರ, ಮೂರು ಪಟ್ಟು ನೆಲದ ಉತ್ತರ ಕನ್ನಡಕ್ಕೆ ಆರು ಶಾಸಕರು, ಒಬ್ಬ ಜಿಲ್ಲಾಧಿಕಾರಿ!

ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 2,200 ಚದರ ಕಿಲೋಮೀಟರಿಗೆ 28 ಶಾಸಕರು. ಒಬ್ಬೊಬ್ಬರಿಗೆ 80 ಚದರ ಕಿಲೋಮೀಟರು ಕೂಡ ಬರುವುದಿಲ್ಲ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಕ್ಷೇತ್ರ ಸುತ್ತಿ ಬರಬಹುದು. ಉತ್ತರ ಕನ್ನಡದಲ್ಲಿ ಒಬ್ಬ ಶಾಸಕನಿಗೆ ಸರಾಸರಿ 1,700 ಚದರ ಕಿಲೋಮೀಟರು. ಆತ ದೇವಮಾನವನಾಗಿದ್ದರೂ ಎಷ್ಟು ಕೇರಿಗೆ ಹೋದಾನು? ಹೋಗದಿದ್ದರೆ ಕೇಳುವವರಾದರೂ ಯಾರು?

ದೂರ ಹೋದಂತೆ ಕರಗುವ ಕನ್ನಡ

ಈಗ ನಿಮ್ಮ ವಿಷಯಕ್ಕೆ, ಅಂದರೆ ಭಾಷೆಯ ವಿಷಯಕ್ಕೆ ಬರೋಣ.

ಗ್ರಾಮ ಸಭೆಗೆ ಹೋಗಿ ಕುಳಿತುಕೊಳ್ಳಿ. ಅಲ್ಲಿ ನಡೆಯುವ ಜಗಳವೆಲ್ಲ ಕನ್ನಡದಲ್ಲಿ. ಠರಾವು ಕನ್ನಡದಲ್ಲಿ. ಪಂಚಾಯಿತಿ ಅಧಿಕಾರಿ ತಪ್ಪು ಮಾಡಿದರೆ ಮುದುಕಿಯೊಬ್ಬಳು ಎದ್ದು ನಿಂತು ಕನ್ನಡದಲ್ಲೇ ಬೆವರಿಳಿಸುತ್ತಾಳೆ. ತಾಲೂಕು ಕಚೇರಿಗೆ ಬನ್ನಿ. ಕಡತ ಕನ್ನಡದಲ್ಲೇ ಇದೆ, ಆದರೆ ನಡುನಡುವೆ ಕಾಯ್ದೆಯ ಕಲಮುಗಳು ಇಂಗ್ಲಿಷಿನಲ್ಲಿ ಇಣುಕುತ್ತವೆ. ಜಿಲ್ಲಾ ಕೇಂದ್ರಕ್ಕೆ ಬನ್ನಿ. ಎಸ್ಟಿಮೇಟು, ಟೆಂಡರು, ಇಂಜಿನಿಯರ್ ವರದಿಗಳಲ್ಲಿ ಇಂಗ್ಲಿಷ್ ದಪ್ಪವಾಗುತ್ತದೆ. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ. ಸಂವಿಧಾನದ 348ನೇ ವಿಧಿಯಂತೆ ಅಲ್ಲಿಯ ಭಾಷೆ ಇಂಗ್ಲಿಷ್. ತನ್ನದೇ ಜಮೀನಿನ ಕೇಸಿನಲ್ಲಿ ಏನು ನಡೆಯಿತೆಂದು ರೈತ ವಕೀಲರ ಮುಖ ನೋಡಿ ತಿಳಿಯಬೇಕು. ಇನ್ನೂ ಮೇಲೆ ದಿಲ್ಲಿಗೆ ಹೋದರೆ ಹಿಂದಿಯೂ ಜೊತೆಗೂಡುತ್ತದೆ. ಅಲ್ಲಿ ಕನ್ನಡ ಪೂರ್ತಿ ಮಾಯ.

ನೋಡಿದಿರಾ? ಊರಿನ ಕಟ್ಟೆಯಲ್ಲಿ ಗಟ್ಟಿಯಾಗಿದ್ದ ಕನ್ನಡ ಮೇಲೆ ಹತ್ತಿದಂತೆ ನೀರು ಬೆರೆಸಿದ ಮಜ್ಜಿಗೆಯಾಯಿತು. ಹಾಗಾದರೆ ಆಡಳಿತವನ್ನು ಕನ್ನಡದಲ್ಲಿ ನಡೆಸಿ ಎಂದು ಕೂಗುವುದರ ಜೊತೆಗೆ ನಾವು ಇನ್ನೊಂದು ಕೂಗನ್ನೂ ಹಾಕಬೇಕಲ್ಲವೇ? ಆಡಳಿತವನ್ನು ಊರಿನ ಹತ್ತಿರ ತನ್ನಿ! ಹತ್ತಿರ ಬಂದ ಅಧಿಕಾರ ತಾನಾಗಿಯೇ ಕನ್ನಡ ಕಲಿಯುತ್ತದೆ. ದೂರ ಕುಳಿತ ಅಧಿಕಾರಕ್ಕೆ ಎಷ್ಟು ಸುತ್ತೋಲೆ ಕಳಿಸಿದರೂ ಕನ್ನಡ ಹತ್ತುವುದಿಲ್ಲ.

ಇದು ಹೊಸ ಮಾತಲ್ಲ. ಬಹುಕಾಲ ಕನ್ನಡದ ಮೊದಲ ಶಾಸನವೆಂದು ನಾವು ಕೊಂಡಾಡಿದ ಹಲ್ಮಿಡಿ ಶಾಸನದಲ್ಲಿ ಏನಿದೆ ಗೊತ್ತೇ? ಅದು ಸುಮಾರು ಕ್ರಿ.ಶ. 450ರ ಕಾಲದ್ದು, ಕದಂಬರ ಕಾಲದ್ದು. ಅದರಲ್ಲಿರುವುದು ಒಂದು ಸರ್ಕಾರಿ ಆದೇಶ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳವಳ್ಳಿ ಎಂಬ ಎರಡು ಹಳ್ಳಿಗಳನ್ನು ಕೊಟ್ಟ ದಾಖಲೆ ಅದು. ಅಂದರೆ ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಬರಹಗಳಲ್ಲೊಂದು ಎರಡು ಸಣ್ಣ ಹಳ್ಳಿಗಳ ಆಡಳಿತದ ಕಾಗದ! ರಾಜನ ಆದೇಶ ಹಳ್ಳಿಯ ಮಣ್ಣಿನಲ್ಲಿ, ಕಲ್ಲಿನ ಮೇಲೆ, ಕನ್ನಡದಲ್ಲಿ ನಿಂತಿತ್ತು.

ಆ ಕದಂಬರ ರಾಜಧಾನಿ ಬನವಾಸಿ ದಾಸನಕೊಪ್ಪದ ನೆರೆಯ ಊರು. ಮುಂದೆ ರಾಷ್ಟ್ರಕೂಟರು, ಚಾಲುಕ್ಯರ ಕಾಲಕ್ಕೆ ‘ಬನವಾಸಿ ಹನ್ನೆರಡು ಸಾವಿರ’ ಎಂಬ ದೊಡ್ಡ ಪ್ರಾಂತ್ಯವೇ ಇತ್ತು. ಆ ಹನ್ನೆರಡು ಸಾವಿರ ಹಳ್ಳಿಗಳ ಲೆಕ್ಕವೋ ಆದಾಯದ ಲೆಕ್ಕವೋ ಪಂಡಿತರು ಚರ್ಚೆ ಮಾಡಿಕೊಳ್ಳಲಿ. ಇವತ್ತು ಬನವಾಸಿ ಒಂದು ಹೋಬಳಿ. ವರ್ಷಕ್ಕೊಮ್ಮೆ ಕದಂಬೋತ್ಸವ ಮಾಡಿ, ಮಂತ್ರಿಗಳು ಬಂದು, ಕನ್ನಡದ ಮೊದಲ ರಾಜಧಾನಿ ಎಂದು ಭಾಷಣ ಬಿಗಿದು, ಕಾರು ಹತ್ತಿ ಹೋಗುತ್ತಾರೆ. ಮಾರನೇ ದಿನ ಬನವಾಸಿಯವರು ಕಾಗದ ಹಿಡಿದು ಕಾರವಾರದ ಬಸ್ಸಿಗೆ ಕಾಯುತ್ತಾರೆ.

ಕಾನೂನೇ ಒಪ್ಪಿದ ಮಾತು

‘ತಲೆ ಎಣಿಸದೆ ಇನ್ನೇನು ಮಾಡಲು ಬರುತ್ತದೆ? ಎಲ್ಲರಿಗೂ ಒಂದೇ ನಿಯಮ’ ಎಂದು ಅಧಿಕಾರಿಗಳು ಹೇಳುತ್ತಾರೆ. ಸುಳ್ಳು! ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಸರ್ಕಾರದ ಕಾಯ್ದೆಗಳೇ ಒಪ್ಪಿವೆ.

1993ರ ಪಂಚಾಯತ್ ರಾಜ್ ಕಾಯ್ದೆ ತೆಗೆದು ನೋಡಿ. ಸಾಮಾನ್ಯವಾಗಿ ಒಂದು ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಇರಬೇಕು. ಆದರೆ ಉತ್ತರ ಕನ್ನಡವೂ ಸೇರಿದಂತೆ ಮಲೆನಾಡಿನ ಜಿಲ್ಲೆಗಳಲ್ಲಿ ಎರಡೂವರೆ ಸಾವಿರ ಇದ್ದರೂ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30 ಸಾವಿರ ಜನ ಎಂಬ ಅಳತೆ, ಗುಡ್ಡಗಾಡಿನಲ್ಲಿ 20 ಸಾವಿರ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ ಪ್ರಾಥಮಿಕ ಶಾಲೆ ಮಗುವಿನ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕು ಎಂಬ ನಿಯಮ ಬಂತು. ಎಷ್ಟು ಮಕ್ಕಳು ಎಂಬುದರ ಜೊತೆಗೆ ಎಷ್ಟು ದೂರ ಎಂಬುದೂ ಅಲ್ಲಿ ಲೆಕ್ಕ. ಅಂದಮೇಲೆ ತತ್ವ ಒಪ್ಪಿಯಾಯಿತು. ಪಂಚಾಯಿತಿಗೆ ಒಪ್ಪಿದ್ದನ್ನು ಜಿಲ್ಲೆಗೆ ಯಾಕೆ ಒಪ್ಪುವುದಿಲ್ಲ? ವಿಧಾನಸಭಾ ಕ್ಷೇತ್ರಕ್ಕೆ ಯಾಕೆ ಒಪ್ಪುವುದಿಲ್ಲ?

ಒಪ್ಪಿದ್ದನ್ನೂ ಉಳಿಸಿಕೊಳ್ಳುವುದಿಲ್ಲ ಎಂಬುದು ಇನ್ನೊಂದು ಕಥೆ. ಮಕ್ಕಳ ಸಂಖ್ಯೆ ಕಡಿಮೆಯಾಯಿತು, ಶಾಲೆ ಮುಚ್ಚಿ, ದೊಡ್ಡ ಊರಿನ ಶಾಲೆಗೆ ವಿಲೀನ ಮಾಡಿ ಎಂಬ ಮಾತು ಒಂದು ಸರ್ಕಾರ ಹೋಗಿ ಇನ್ನೊಂದು ಬಂದರೂ ನಿಲ್ಲುವುದಿಲ್ಲ. ಮಿತ್ರರೇ, ಇದನ್ನು ಎಚ್ಚರದಿಂದ ಗಮನಿಸಿ. ಈ ಸಣ್ಣ ಊರುಗಳ ಹತ್ತು ಮಕ್ಕಳ ಶಾಲೆ ಯಾವ ಮಾಧ್ಯಮದ್ದು? ಕನ್ನಡ ಮಾಧ್ಯಮದ್ದು. ಅದು ಮುಚ್ಚಿದ ದಿನ ಆ ಮಗು ಹೇಗೂ ವ್ಯಾನ್ ಹತ್ತಬೇಕು. ವ್ಯಾನ್ ಹತ್ತುವುದೇ ಆದರೆ ತಂದೆತಾಯಿ ಪೇಟೆಯ ಇಂಗ್ಲಿಷ್ ಶಾಲೆಗೇ ಹತ್ತಿಸುತ್ತಾರೆ. ಅವರನ್ನು ಬೈಯಬೇಡಿ. ಬಾಗಿಲು ಹಾಕಿದವರು ಅವರಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಾಗ ನಾವೆಲ್ಲ ಎದೆ ಬಡಿದುಕೊಂಡೆವು. ತೀರ್ಪಿಲ್ಲದೆ, ಸದ್ದಿಲ್ಲದೆ, ಒಂದು ಸುತ್ತೋಲೆಯಿಂದ ಮುಚ್ಚುವ ಕನ್ನಡ ಶಾಲೆಗೆ ಬೆಂಗಳೂರಿನಲ್ಲಿ ಯಾರು ಎದೆ ಬಡಿದುಕೊಳ್ಳುತ್ತಾರೆ?

ಊರಿನ ಹತ್ತಿರದ ಅಧಿಕಾರದ ಗತಿ ನೋಡಿ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ತಳ್ಳಿದರು. ಹಳ್ಳಿಯವನು ಕಂಡು ಮಾತಾಡಬಹುದಾದ, ಅವನ ಭಾಷೆಯಲ್ಲೇ ಬೈಯಬಹುದಾದ ಸದಸ್ಯನ ಜಾಗದಲ್ಲಿ ಅಧಿಕಾರಿ ಕುಳಿತ. 1987ರಲ್ಲಿ ಮಂಡಲ ಪಂಚಾಯಿತಿ ತಂದು ದೇಶಕ್ಕೇ ದಾರಿ ತೋರಿಸಿದ ನಜೀರ್ ಸಾಬರ ರಾಜ್ಯ ಇದು! ಅದಕ್ಕೆ ಪ್ರತಿಭಟನೆ ಎಷ್ಟಾಯಿತು? ಬೋರ್ಡಿಗೆ ಮಸಿ ಬಳಿಯಲು ಇರುವ ಉತ್ಸಾಹದ ಹತ್ತನೇ ಒಂದು ಭಾಗವಾದರೂ ಇತ್ತೇ?

ಕಾರವಾರ ಬೇಡ ಅಲ್ಲ, ಶಿರಸಿಯೂ ಬೇಕು

ಶಿರಸಿಯನ್ನು ಜಿಲ್ಲೆ ಮಾಡಿ ಎಂಬ ಬೇಡಿಕೆ ಘಟ್ಟದ ಮೇಲೆ ಬಹಳ ವರ್ಷಗಳಿಂದ ಇದೆ. 1997ರಲ್ಲಿ ದಕ್ಷಿಣ ಕನ್ನಡ ಒಡೆದು ಉಡುಪಿಯಾಯಿತು, ಧಾರವಾಡ ಒಡೆದು ಹಾವೇರಿ, ಗದಗ ಆದವು. 2007ರಲ್ಲಿ ಬೆಂಗಳೂರಿನ ಮಗ್ಗುಲಲ್ಲೇ ಇರುವ ರಾಮನಗರ ಜಿಲ್ಲೆಯಾಯಿತು. 2021ರಲ್ಲಿ ವಿಜಯನಗರವೂ ಸೇರಿ ಜಿಲ್ಲೆಗಳು 31 ಆದವು. ಉತ್ತರ ಕನ್ನಡ ಮಾತ್ರ ಇದ್ದ ಹಾಗೇ ಇದೆ.

ಆದರೆ ಇಲ್ಲಿ ಒಂದು ನ್ಯಾಯವಾದ ಆತಂಕವಿದೆ, ಅದನ್ನು ಮುಚ್ಚಿಡಬಾರದು. ಕಾರವಾರ, ಹಳಿಯಾಳ, ಜೋಯಿಡಾ ಭಾಗದ ಮೇಲೆ ಮಹಾರಾಷ್ಟ್ರದ ಕಣ್ಣಿದೆ. 1967ರ ಮಹಾಜನ್ ವರದಿ ಕಾರವಾರವನ್ನು ಕೊಡಲು ಒಪ್ಪಲಿಲ್ಲ. ಆದರೂ 2004ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಇಂಥ ಹೊತ್ತಿನಲ್ಲಿ ಜಿಲ್ಲೆ ಒಡೆದರೆ ಗಡಿಯಲ್ಲಿ ಕನ್ನಡದ ಕೈ ಸೊರಗುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಉತ್ತರ ಇಷ್ಟು. ಕಾರವಾರದಿಂದ ಒಂದು ಕುರ್ಚಿಯನ್ನೂ ಕದಲಿಸುವುದು ಬೇಡ. ಅದು ಕನ್ನಡ ನಾಡಿನ ಗಡಿಗಲ್ಲು. ಘಟ್ಟದ ಮೇಲಿನ ಹೊರೆ ಇಳಿದರೆ ಅಲ್ಲಿಯ ಜಿಲ್ಲಾಧಿಕಾರಿಗೆ ಕರಾವಳಿಯ ಜನರ ಕಡೆ ನೋಡಲು ಇನ್ನಷ್ಟು ಪುರುಸೊತ್ತಾಗುತ್ತದೆ. ಗಡಿಯಲ್ಲಿ ಕನ್ನಡ ಗಟ್ಟಿಯಾಗುವುದು ಜನರ ಕೆಲಸ ಬೇಗ ಆದಾಗ. ಕೆಲಸವಾಗದೆ ಬೇಸತ್ತವನ ಕಿವಿಗೇ ನೆರೆರಾಜ್ಯದವರ ಮಾತು ಸಿಹಿಯಾಗಿ ಕೇಳುವುದು.

ಭಾಷೆಯ ಇನ್ನೊಂದು ಸತ್ಯವನ್ನೂ ಹೇಳಬೇಕು. ಉತ್ತರ ಕನ್ನಡ ಎಂಬ ಹೆಸರಿದ್ದರೂ ಈ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೊಂಕಣಿ, ಉರ್ದು, ಮರಾಠಿ ಮಾತಾಡುವವರು ಇಲ್ಲಿ ತಲೆತಲಾಂತರದಿಂದ ಇದ್ದಾರೆ. ಯಲ್ಲಾಪುರದ ಕಾಡಿನಲ್ಲಿ ಗೌಳಿಗಳಿದ್ದಾರೆ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಗಳಿದ್ದಾರೆ. ಇವರು ಯಾರೂ ಹೊರಗಿನವರಲ್ಲ, ಕನ್ನಡದ ಶತ್ರುಗಳೂ ಅಲ್ಲ. ಗೌಳಿ ಕೇರಿಯ ಮಗು ಮನೆಯಲ್ಲಿ ಏನೇ ಮಾತಾಡಲಿ, ಸರ್ಕಾರದ ಬಾಗಿಲು ತಟ್ಟುವುದು ಕನ್ನಡದಲ್ಲಿ. ಹತ್ತಿರದ ಕನ್ನಡ ಶಾಲೆ ಮುಚ್ಚಿದರೆ, ಹತ್ತಿರದ ಕಚೇರಿ ಇಲ್ಲದಿದ್ದರೆ, ಆ ಮಗುವಿಗೂ ಕನ್ನಡಕ್ಕೂ ಇದ್ದ ಒಂದೇ ಸಂಕ ಮುರಿದಂತೆ.

‘ದುಡ್ಡೆಲ್ಲಿದೆ, ಹೊಸ ಜಿಲ್ಲೆಯೆಂದರೆ ಕೋಟಿಗಟ್ಟಲೆ ಕಟ್ಟಡ’ ಎಂಬುದು ಇನ್ನೊಂದು ನೆಪ. ಶಿರಸಿಯಲ್ಲಿ ಅರ್ಧ ಜಿಲ್ಲೆ ಆಗಲೇ ಇದೆ ಸ್ವಾಮಿ! ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಕೆನರಾ ಅರಣ್ಯ ವೃತ್ತದ ಮುಖ್ಯ ಕಚೇರಿ ಶಿರಸಿಯಲ್ಲಿದೆ. ಬಸ್ ವಿಭಾಗೀಯ ಕಚೇರಿ ಇದೆ. ವಾಹನ ನೋಂದಣಿಗೆ ಕಾರವಾರಕ್ಕೆ ಕೆಎ 30 ಆದರೆ ಶಿರಸಿಗೆ ತನ್ನದೇ ಕೆಎ 31. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಈ ನಾಲ್ಕೂ ತಾಲೂಕಿಗೆ ಉಪವಿಭಾಗಾಧಿಕಾರಿ ಅಲ್ಲೇ ಇದ್ದಾರೆ. ಮರ, ಮಗು, ಬಸ್ಸು, ಬೈಕು ಎಲ್ಲದಕ್ಕೂ ಶಿರಸಿ ಜಿಲ್ಲೆ. ಮನುಷ್ಯನಿಗೆ ಮಾತ್ರ ಕಾರವಾರ!

ಪೂರ್ತಿ ಜಿಲ್ಲೆ ಕೊಡಲು ಇನ್ನೂ ಹತ್ತು ವರ್ಷ ಬೇಕಾದರೆ ಬೇಕಾಗಲಿ. ಅಲ್ಲಿಯವರೆಗೆ ಜಿಲ್ಲಾಧಿಕಾರಿಯ ಸಹಿಯ ಅಧಿಕಾರವನ್ನು ಹೆಚ್ಚುವರಿ ಜಿಲ್ಲಾಧಿಕಾರಿಯೊಬ್ಬರಿಗೆ ಕೊಟ್ಟು ಶಿರಸಿಯಲ್ಲಿ ಕೂರಿಸಲು ಯಾವ ಕಟ್ಟಡವೂ ಬೇಡ, ಒಂದು ಕುರ್ಚಿ, ಒಂದು ಮೇಜು, ಒಂದು ಆದೇಶ ಸಾಕು.

ಎಣಿಕೆ ಬರುತ್ತಿದೆ, ಎಚ್ಚರ!

ಇದೆಲ್ಲ ಈಗಲೇ ಯಾಕೆ ಹೇಳುತ್ತಿದ್ದೇವೆ ಎಂದರೆ, 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಹಿಡಿದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಆ ಎಣಿಕೆಯ ಹಿಂದೆಯೇ ಕ್ಷೇತ್ರ ಮರುವಿಂಗಡಣೆಯ ಕತ್ತಿ ತೂಗುತ್ತಿದೆ.

2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇಕಡಾ 15.6ರಷ್ಟು ಬೆಳೆಯಿತು, ಬೆಂಗಳೂರು ನಗರ ಜಿಲ್ಲೆ ಶೇಕಡಾ 47ರ ಆಸುಪಾಸು ಬೆಳೆಯಿತು. ಉತ್ತರ ಕನ್ನಡ ಬೆಳೆದದ್ದು ಶೇಕಡಾ 6ರಷ್ಟು. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಇಳಿದೇ ಹೋಯಿತು. ಮಲೆನಾಡಿನ ಮಕ್ಕಳು ಎಲ್ಲಿ ಹೋದರು? ನಿಮ್ಮ ಪಕ್ಕದಲ್ಲೇ ಇದ್ದಾರೆ. ಪಿ.ಜಿ. ಕೋಣೆಯಲ್ಲಿ, ಕಾಲ್‌ಸೆಂಟರಿನಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ. ಪ್ರಾಯಶಃ ಇದನ್ನು ಓದುತ್ತಿರುವ ನೀವೇ ಅವರಲ್ಲೊಬ್ಬರು. ಊರಿನಲ್ಲಿ ಅಪ್ಪ, ಆಯಿ ಇಬ್ಬರೇ. ತಲೆ ಎಣಿಸುವವನು ಬಂದಾಗ ಆ ಮನೆಯ ಲೆಕ್ಕ ಎರಡು, ನಿಮ್ಮ ಲೆಕ್ಕ ಬೆಂಗಳೂರಿಗೆ.

2011ರ ಅಂಕಿಯಲ್ಲೇ ರಾಜ್ಯದ ಸರಾಸರಿ ಕ್ಷೇತ್ರಕ್ಕೆ ಸುಮಾರು 2.73 ಲಕ್ಷ ಜನ. ಉತ್ತರ ಕನ್ನಡದಲ್ಲಿ 2.4 ಲಕ್ಷ. ಬರೀ ತಲೆ ಎಣಿಸಿ ಹಂಚಿದರೆ ಆರು ಐದಾಗುವ ಅಪಾಯ ಕಣ್ಣೆದುರಿಗಿದೆ. ಆಗ ಒಬ್ಬ ಶಾಸಕನಿಗೆ ಎರಡು ಸಾವಿರ ಚದರ ಕಿಲೋಮೀಟರು!

ಈಗ ನಿಮ್ಮ ಆತ್ಮಸಾಕ್ಷಿಗೊಂದು ಪ್ರಶ್ನೆ. ಜನಸಂಖ್ಯೆಯೊಂದನ್ನೇ ಹಿಡಿದು ಲೋಕಸಭಾ ಸ್ಥಾನ ಹಂಚಿದರೆ ಕುಟುಂಬ ಯೋಜನೆ ಪಾಲಿಸಿದ ದಕ್ಷಿಣಕ್ಕೆ ಅನ್ಯಾಯ ಎಂದು 2025ರಲ್ಲಿ ನಾವು ದನಿ ಎತ್ತಿದೆವು. ಸರಿಯಾಗಿಯೇ ಎತ್ತಿದೆವು. ದಿಲ್ಲಿ ನಮ್ಮ ತಲೆಯನ್ನಷ್ಟೇ ಎಣಿಸಬಾರದು ಎನ್ನುವ ನಾವು, ಬೆಂಗಳೂರಿನಲ್ಲಿ ಕುಳಿತು ದಾಸನಕೊಪ್ಪದ ತಲೆಯನ್ನಷ್ಟೇ ಎಣಿಸಬಹುದೇ? ದಿಲ್ಲಿಗೆ ಒಂದು ನ್ಯಾಯ, ಮಲೆನಾಡಿಗೆ ಒಂದು ನ್ಯಾಯವೇ? ಬೆಂಗಳೂರು ನಮಗೆ ದಿಲ್ಲಿಯಾಗಕೂಡದು.

ನೀವು ಮಾಡಬೇಕಾದ್ದು

ನಗರದಲ್ಲಿ ಕುಳಿತು ಏನು ಮಾಡಲು ಸಾಧ್ಯ ಎಂದು ಕೈಚೆಲ್ಲಬೇಡಿ. 2019ರಲ್ಲಿ ಉತ್ತರ ಕನ್ನಡಕ್ಕೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂಬ ಕೂಗನ್ನು ಮೊಬೈಲ್ ಫೋನಿನಲ್ಲಿ ಎಬ್ಬಿಸಿದವರು ತರುಣರೇ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. ರೋಗಿಯನ್ನು ಹೊತ್ತು ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೆ ಓಡುವ ಜಿಲ್ಲೆಯ ಕಷ್ಟ ವಿಧಾನಸೌಧಕ್ಕೆ ಕೇಳಿಸಿದ್ದು ಆಗಲೇ.

ಆದ್ದರಿಂದ ನಮ್ಮ ಹೋರಾಟದ ಪಟ್ಟಿಗೆ ಇವನ್ನೂ ಸೇರಿಸಿ.

ಒಂದು: ಕಚೇರಿ, ಶಾಲೆ, ಆಸ್ಪತ್ರೆ, ಕ್ಷೇತ್ರ ಯಾವುದನ್ನೇ ಹಂಚಲಿ, ತಲೆಯ ಜೊತೆಗೆ ದೂರವನ್ನೂ ಎಣಿಸಬೇಕು.

ಎರಡು: ಒಂದು ಕಿಲೋಮೀಟರಿನೊಳಗೆ ಇನ್ನೊಂದು ಕನ್ನಡ ಶಾಲೆ ಇಲ್ಲದ ಕಡೆ, ಎಷ್ಟೇ ಕಡಿಮೆ ಮಕ್ಕಳಿರಲಿ, ಕನ್ನಡ ಶಾಲೆ ಮುಚ್ಚಕೂಡದು.

ಮೂರು: ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆಯನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಸಬೇಕು. ತಪ್ಪಿಸಿದ ಸರ್ಕಾರ ಯಾವ ಪಕ್ಷದ್ದೇ ಆಗಲಿ, ಅದನ್ನು ಕನ್ನಡ ವಿರೋಧಿ ಎಂದೇ ಕರೆಯಬೇಕು.

ನಾಲ್ಕು: ಘಟ್ಟದ ಮೇಲಿನ ತಾಲೂಕುಗಳಿಗೆ ಜಿಲ್ಲಾ ಮಟ್ಟದ ಅಧಿಕಾರ ಶಿರಸಿಯಲ್ಲಿ ಸಿಗಬೇಕು.

ಐದು: ಜನಗಣತಿಯವರು ಬಂದಾಗ ಊರಿನ ಮನೆಯಲ್ಲಿರುವ ಅಪ್ಪ, ಆಯಿಗೆ ಫೋನ್ ಮಾಡಿ. ಯಾವ ಮನೆಯೂ ಬಿಟ್ಟುಹೋಗದಂತೆ ನೋಡಿಕೊಳ್ಳಲು ಹೇಳಿ. ಮಾತೃಭಾಷೆಯ ಅಂಕಣದಲ್ಲಿ ಅವರವರ ಮನೆಮಾತನ್ನು ನಿಜವಾಗಿ ಬರೆಸಲಿ. ಕನ್ನಡಕ್ಕೆ ಸುಳ್ಳು ಲೆಕ್ಕದ ಹಂಗು ಬೇಡ.

ಕೊನೆಯದಾಗಿ ಒಂದು ಮಾತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಭಾಗದ ಹಳ್ಳಿಗರು ಕೊಡಲಿಯವರ ಎದುರು ಮರ ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ತಲೆ ಎಣಿಸಿದ್ದರೆ ಅವರು ಎಷ್ಟು ಜನ? ಹೆಚ್ಚು ಜನವೇನಲ್ಲ. ಆದರೆ ಅವರ ದನಿ ನಾಡಿನ ಆಚೆಗೂ ಕೇಳಿಸಿತು.

ಮುಂದಿನ ಸಲ ಊರಿಗೆ ಹೋದಾಗ ವಸ್ತಿ ಬಸ್ಸಿನಿಂದ ಇಳಿದು ನೇರ ಮನೆಗೆ ಹೋಗಿ ಮಲಗಬೇಡಿ. ಬೆಳಿಗ್ಗೆ ಎದ್ದು ಪಂಚಾಯಿತಿಗೆ ಹೋಗಿ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಕೇಳಿ. ನಿಮ್ಮ ಅಪ್ಪನ ಒಂದು ಕಾಗದಕ್ಕೆ ಎಷ್ಟು ಕಿಲೋಮೀಟರು ಆಯಿತು ಎಂದು ಬರೆದಿಟ್ಟುಕೊಳ್ಳಿ. ವಾಪಸು ಬಂದು ಆ ಅಂಕಿಯನ್ನು ನಮ್ಮ ಸಭೆಯಲ್ಲಿ ಗಟ್ಟಿಯಾಗಿ ಓದಿ. ಬಾವುಟ ನಾವು ಹಿಡಿದುಕೊಳ್ಳುತ್ತೇವೆ.

ಸಿರಿಗನ್ನಡಂ ಗೆಲ್ಗೆ!